ಯಾರ ದೇಹವೋ ಅವರದೇ ಮಾತು: ಆಪ್ತ ಸಾಧನಗಳ ಬಗ್ಗೆ ದಂಪತಿಗಳ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮದುವೆಯಾಗಿ ಏಳು ವರ್ಷಗಳಾಗಿವೆ. ಇಬ್ಬರೂ ಮಾತನಾಡಿಕೊಂಡು, ವೈಬ್ರೇಟರ್ ಎಂಬ ಕಂಪಿಸುವ ಆಪ್ತ ಸಾಧನವೊಂದನ್ನು ಮತ್ತು ಜಾರುವಿಕೆಗೆ ಹಚ್ಚುವ ಒಂದು ಲೂಬ್ರಿಕೆಂಟ್ ಜೆಲ್ ತರಿಸಿ ನೋಡೋಣವೆಂದು ತೀರ್ಮಾನಿಸಿದ್ದೇವೆ. ಮಾರಾಟದ ಜಾಲತಾಣಗಳಲ್ಲಿ ವಿಮರ್ಶೆಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಎಲ್ಲದಕ್ಕೂ ಐದು ನಕ್ಷತ್ರ, ಎಲ್ಲವೂ ಅದ್ಭುತ. ಯಾವುದನ್ನು ನಂಬಬೇಕು? ಇಂಥ ಸಾಧನ ಬೇಕೆನಿಸುವುದೇ ನಮ್ಮ ಸಂಬಂಧದಲ್ಲಿ ಕೊರತೆಯಿದೆ ಎಂಬುದರ ಲಕ್ಷಣವೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅಳುಕು ಮನಸ್ಸಿನಲ್ಲಿದ್ದರೆ ಯಾವ ಸಾಧನವೂ ಸುಖ ಕೊಡುವುದಿಲ್ಲ. ಇದು ಕೊರತೆಯ ಲಕ್ಷಣವಲ್ಲ. ಬಹಳಷ್ಟು ಹೆಣ್ಣುಮಕ್ಕಳಿಗೆ ಸಂಭೋಗ ಒಂದರಿಂದಲೇ ಪರಾಕಾಷ್ಠೆ ಒದಗುವುದಿಲ್ಲ. ಅವರಿಗೆ ಭಗಾಂಕುರದ (ಕ್ಲಿಟೋರಿಸ್) ಪ್ರಚೋದನೆ ಬೇಕಾಗುತ್ತದೆ. ಇದು ದೇಹರಚನೆಯ ಸಂಗತಿಯೇ ಹೊರತು ಗಂಡನ ಸೋಲೂ ಅಲ್ಲ, ಹೆಂಡತಿಯ ದೋಷವೂ ಅಲ್ಲ. ಇಬ್ಬರೂ ಕೂತು ಮಾತನಾಡಿ ತೀರ್ಮಾನಿಸಿದ್ದೇವೆ ಎಂದು ನೀವು ಬರೆದಿರುವುದೇ ನಿಮ್ಮ ಸಂಬಂಧ ಚೆನ್ನಾಗಿದೆ ಎಂಬುದನ್ನು ಹೇಳುತ್ತದೆ.

ಈಗ ವಿಮರ್ಶೆಗಳ ವಿಷಯ. ಅವುಗಳನ್ನು ಓದುವಾಗ, ಸಾಧನ ಸ್ಪರ್ಶಿಸಿದ್ದು ಯಾರ ದೇಹವನ್ನು, ಬರೆದವರು ಯಾರು ಎಂದು ಮೊದಲು ನೋಡಿ. ‘ನನ್ನ ಹೆಂಡತಿಗೆ ತುಂಬಾ ಇಷ್ಟವಾಯಿತು’ ಎಂದು ಗಂಡ ಬರೆದ ಒಂದು ಸಾಲಿಗಿಂತ, ಬಳಸಿದವರೇ ‘ಎರಡನೆಯ ವೇಗ ಹಿತವಾಗಿತ್ತು, ನಾಲ್ಕನೆಯದು ನೋವು ತಂದಿತು, ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತದೆ’ ಎಂದು ಬರೆದ ಮಾತಿಗೆ ಬೆಲೆ ಹೆಚ್ಚು. ಸದ್ದು, ಬ್ಯಾಟರಿ ಬಾಳಿಕೆ, ಕೆಲವು ವಾರಗಳ ನಂತರ ಮೇಲ್ಮೈ ಅಂಟಂಟಾಗಿದೆಯೇ, ವಾಸನೆ ಹೋಗಿದೆಯೇ, ಕೆಟ್ಟಾಗ ಬದಲಿ ಸಿಕ್ಕಿತೇ ಎಂಬ ವಿವರಗಳನ್ನು ನಂಬಬಹುದು. ಸುಖದ ವರ್ಣನೆಯನ್ನು ಮಾತ್ರ ನಂಬಿ ಹಣ ಹಾಕಬೇಡಿ. ಒಬ್ಬರ ನರತಂತುಗಳಿಗೆ ಹಿತವೆನಿಸಿದ್ದು ಇನ್ನೊಬ್ಬರಿಗೆ ಕಿರಿಕಿರಿಯೆನಿಸುವುದು ಸಹಜ. ಮೂರು ನಕ್ಷತ್ರದ ವಿಮರ್ಶೆಗಳನ್ನು ಬಿಡದೆ ಓದಿ, ಮೆಚ್ಚುಗೆಯನ್ನೂ ತಕರಾರನ್ನೂ ಜೊತೆಗಿಟ್ಟು ಬರೆಯುವವರು ಹೆಚ್ಚಾಗಿ ಸಿಗುವುದು ಅಲ್ಲಿಯೇ.

ನಕ್ಷತ್ರಗಳಿಗಿಂತ ಮುಖ್ಯವಾದದ್ದು ಸಾಧನವನ್ನು ಯಾವುದರಿಂದ ಮಾಡಿದ್ದಾರೆ ಎಂಬುದು. ಶುದ್ಧ ಸಿಲಿಕೋನ್, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ಸ್ಟೇನ್‌ಲೆಸ್ ಸ್ಟೀಲ್, ಬೊರೊಸಿಲಿಕೇಟ್ ಗಾಜು ಇವುಗಳ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುವುದಿಲ್ಲವಾದ್ದರಿಂದ ತೊಳೆದರೆ ಚೆನ್ನಾಗಿ ಸ್ವಚ್ಛವಾಗುತ್ತವೆ. ಟಿಪಿಇ ಮತ್ತು ‘ಜೆಲ್ಲಿ’ ಎಂದು ಕರೆಯುವ ಮೆದು ರಬ್ಬರಿನ ಮೇಲ್ಮೈ ರಂಧ್ರಮಯವಾಗಿರುತ್ತದೆ, ಎಷ್ಟು ತೊಳೆದರೂ ಒಳಗೆ ಸೂಕ್ಷ್ಮಜೀವಿಗಳು ಉಳಿಯಬಹುದು. ಮೆದು ಪಿವಿಸಿಯಲ್ಲಿ ಥ್ಯಾಲೇಟ್ ಎಂಬ ಮೃದುಕಾರಕ ರಾಸಾಯನಿಕಗಳೂ ಇರಬಹುದು. ಬಹಳ ಕಾಲ ಈ ಉದ್ಯಮಕ್ಕೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವೂ ಇರಲಿಲ್ಲ. 2021ರಲ್ಲಿ ಐಎಸ್‌ಒ 3533 ಬಂದ ಮೇಲೆ ವಿನ್ಯಾಸ ಮತ್ತು ಸುರಕ್ಷತೆಗೆ ಒಂದು ಅಳತೆಗೋಲು ಸಿಕ್ಕಿತು. ವಿವರಪುಟದಲ್ಲಿ ಏನಿಂದ ಮಾಡಿದ್ದೆಂದೇ ಬರೆಯದ ಅಥವಾ ಬಿಚ್ಚಿದ ಕೂಡಲೇ ಕಟುವಾದ ಪ್ಲಾಸ್ಟಿಕ್ ವಾಸನೆ ಹೊಡೆಯುವ ವಸ್ತುವನ್ನು, ಎಷ್ಟೇ ಅಗ್ಗವಾಗಿದ್ದರೂ, ದೇಹದ ಹತ್ತಿರ ತರಬೇಡಿ. ಗುದದ್ವಾರದಲ್ಲಿ ಬಳಸುವುದಾದರೆ ಬುಡ ಅಗಲವಾಗಿರುವ ಸಾಧನವೇ ಬೇಕು. ಇಲ್ಲದಿದ್ದರೆ ಅದು ಒಳಕ್ಕೆ ಜಾರಿ ಆಸ್ಪತ್ರೆಯಲ್ಲಿ ತೆಗೆಸಬೇಕಾಗಬಹುದು. ಅಲ್ಲಿ ಬಳಸಿದ್ದನ್ನು ತೊಳೆಯದೆ ಯೋನಿಗೆ ಮುಟ್ಟಿಸಿದರೆ ಸೋಂಕು ತಗಲುವ ಅಪಾಯವಿದೆ. ಒಂದೇ ಸಾಧನವನ್ನು ಇಬ್ಬರೂ ಬಳಸುವಾಗ ಅದಕ್ಕೆ ಕಾಂಡೋಮ್ ತೊಡಿಸಿ ಬದಲಿಸುವುದು ಸುಲಭದ ಉಪಾಯ.

ಜೆಲ್ ಆರಿಸುವಾಗ ಒಂದು ಎಚ್ಚರಿಕೆ: ಸಿಲಿಕೋನ್ ಆಧಾರಿತ ಜೆಲ್ ಸಿಲಿಕೋನ್ ಸಾಧನದ ಮೇಲ್ಮೈಯನ್ನು ಕೆಡಿಸಬಲ್ಲದು. ಮೊದಲ ಸಲ ಕೊಳ್ಳುವವರಿಗೆ ನೀರಿನ ಆಧಾರದ ಜೆಲ್ ಸಾಕು.

ಪ್ರಶ್ನೆ: ನನಗೆ 51 ವರ್ಷ, ಮುಟ್ಟು ನಿಂತು ಎರಡು ವರ್ಷಗಳಾದವು. ಕೂಡುವಾಗ ಒಣಗಿದಂತಾಗಿ ನೋವಾಗುತ್ತದೆ. ಕೊಬ್ಬರಿ ಎಣ್ಣೆ ಬಳಸುತ್ತಿದ್ದೆವು. ವಿಮರ್ಶೆಗಳಲ್ಲಿ ಹೊಗಳಿದ್ದಾರೆಂದು ‘ಬೆಚ್ಚಗಾಗಿಸುವ’ ಒಂದು ಜೆಲ್ ತರಿಸಿದೆವು. ಹಚ್ಚಿದ ಮೇಲೆ ತಡೆಯಲಾರದ ಉರಿ. ಎಲ್ಲರಿಗೂ ಹಿಡಿಸಿದ್ದು ನನಗೇಕೆ ಹೀಗಾಯಿತು?
— ಓದುಗ ಮಹಿಳೆ, ಉಡುಪಿ

ಉತ್ತರ: ನಿಮ್ಮ ದೇಹ ತಪ್ಪು ಹೇಳುತ್ತಿಲ್ಲ, ತಾಯಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗುತ್ತದೆ, ತೇವ ತಗ್ಗುತ್ತದೆ, ಆಮ್ಲೀಯತೆಯೂ ಇಳಿಯುತ್ತದೆ. ಅಂಥ ಪದರದ ಮೇಲೆ ಮೆಣಸಿನ ಸತ್ವವನ್ನೋ ಮೆಂಥಾಲನ್ನೋ ಸುವಾಸನೆಯನ್ನೋ ಸೇರಿಸಿದ ಜೆಲ್ ಹಚ್ಚಿದರೆ ಉರಿಯದೆ ಇನ್ನೇನಾದೀತು? ಆ ವಿಮರ್ಶೆಗಳನ್ನು ಬರೆದವರಲ್ಲಿ ನಿಮ್ಮ ವಯಸ್ಸಿನವರು ಎಷ್ಟು ಮಂದಿ ಇದ್ದರು ಎಂದು ಯಾವ ನಕ್ಷತ್ರವೂ ಹೇಳುವುದಿಲ್ಲ. ಆ ಬಾಟಲಿಯನ್ನು ಮತ್ತೆ ಮುಟ್ಟಬೇಡಿ.

ಜೆಲ್‌ನ ಗುಣ ಅಳೆಯಲು ಎರಡು ಅಳತೆಗಳಿವೆ. ಒಂದು ಪಿಎಚ್, ಅಂದರೆ ಆಮ್ಲೀಯತೆಯ ಅಳತೆ; ಯೋನಿಗೆ ಬಳಸುವ ಜೆಲ್‌ನ ಪಿಎಚ್ ಸುಮಾರು 4.5 ಇರಬೇಕು. ಇನ್ನೊಂದು ಆಸ್ಮೊಲ್ಯಾಲಿಟಿ, ಅಂದರೆ ಜೆಲ್‌ನಲ್ಲಿ ಕರಗಿರುವ ಪದಾರ್ಥಗಳ ಸಾಂದ್ರತೆ. ಅದು ಬಹಳ ಹೆಚ್ಚಾದರೆ ಜೆಲ್ ಒಳಪದರದ ಜೀವಕೋಶಗಳಿಂದಲೇ ನೀರನ್ನು ಹೀರಿ, ತೇವ ಕೊಡಬೇಕಾದದ್ದು ಒಣಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2012ರ ಸಲಹಾ ಟಿಪ್ಪಣಿಯ ಪ್ರಕಾರ ಇದು ಪ್ರತಿ ಕಿಲೋಗ್ರಾಮಿಗೆ 380 ಮಿಲಿಆಸ್ಮೋಲ್ ಮೀರದಿರುವುದು ಉತ್ತಮ, 1200 ಅನ್ನಂತೂ ದಾಟಬಾರದು. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿರುವ ಜೆಲ್‌ಗಳಲ್ಲಿ ಈ ಸಂಖ್ಯೆ ಏರುತ್ತದೆ. ನಮ್ಮಲ್ಲಿ ಸಿಗುವ ಹಲವು ಡಬ್ಬಿಗಳ ಮೇಲೆ ಈ ಸಂಖ್ಯೆ ಅಚ್ಚಾಗಿರುವುದೇ ಇಲ್ಲ, ಆಗ ಪದಾರ್ಥಗಳ ಪಟ್ಟಿಯನ್ನೇ ನೋಡಿ. ಬಣ್ಣ, ರುಚಿ, ಸುವಾಸನೆ, ಬಿಸಿ, ತಂಪು ಎಂಬ ಯಾವ ಮಾತೂ ಇಲ್ಲದ ಸರಳವಾದ ಜೆಲ್ ನಿಮಗೆ ಸರಿ. ಮೊದಲು ತೋಳಿನ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.

ಕೊಬ್ಬರಿ ಎಣ್ಣೆಯನ್ನು ನಮ್ಮ ಕರಾವಳಿಯ ಮನೆಗಳು ಎಲ್ಲದಕ್ಕೂ ನಂಬುತ್ತವೆ, ಹಲವರಿಗೆ ಅದು ಹಿತವೂ ಹೌದು. ಆದರೆ ಯಾವುದೇ ಎಣ್ಣೆ, ವ್ಯಾಸಲೀನ್ ಸಹ, ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡುತ್ತದೆ ಎಂಬುದನ್ನು ಕಿರಿಯ ಓದುಗರು ಮರೆಯಬಾರದು.

ಜೆಲ್ ಆ ಹೊತ್ತಿನ ಪರಿಹಾರ ಮಾತ್ರ. ವಾರಕ್ಕೆ ಕೆಲವು ಸಲ ಬಳಸುವ ಯೋನಿ ಮಾಯಿಶ್ಚರೈಸರ್‌ಗಳಿವೆ, ವೈದ್ಯರ ಚೀಟಿಯ ಮೇಲೆ ಕೊಡುವ ಈಸ್ಟ್ರೋಜನ್ ಕ್ರೀಮ್ ಇದೆ. ಬಹಳ ಮಂದಿಗೆ ಈ ಕ್ರೀಮ್‌ನಿಂದ ನೋವು ಗಣನೀಯವಾಗಿ ಇಳಿಯುತ್ತದೆ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಅದು ಸಂಭೋಗದ ನಂತರವೇ ಆಗಿರಲಿ, ಪರೀಕ್ಷೆ ಮುಂದೂಡಬೇಡಿ. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂದು ವೈದ್ಯರೇ ಅಂದರೆ, ಅಂಥವರನ್ನು ಬದಲಿಸುವ ಹಕ್ಕು ನಿಮಗಿದೆ.

ಪ್ರಶ್ನೆ: ಜಾಲತಾಣದಲ್ಲಿ ಒಳ್ಳೆಯ ವಿಮರ್ಶೆ ಓದಿ ಒಂದು ಸಾಧನ ತರಿಸಿದ್ದೇನೆ. ಹೆಂಡತಿ ಅದನ್ನು ನೋಡಲೂ ಒಪ್ಪುತ್ತಿಲ್ಲ. ಅವಳನ್ನು ಒಪ್ಪಿಸುವುದು ಹೇಗೆ?
— ಓದುಗ, ಕಲಬುರಗಿ

ಉತ್ತರ: ಒಪ್ಪಿಸುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ಅವರನ್ನು ಕೇಳದೆ ತರಿಸಿದಿರಿ, ಅವರು ಬೇಡವೆಂದರು; ಆ ಸಾಧನದ ಬಗ್ಗೆ ನಿಮ್ಮ ಮನೆಗೆ ಬೇಕಾದ ವಿಮರ್ಶೆ ಅದೇ. ಅದನ್ನು ಎತ್ತಿಟ್ಟು, ಕೇಳದೆ ತಂದದ್ದಕ್ಕೆ ಕ್ಷಮೆ ಕೇಳಿ, ಅವರಿಗೆ ಏನು ಹಿತ, ಏನು ಅಹಿತ ಎಂದು ವಿಚಾರಿಸಿ, ಅವರು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ನೋವಿನ ಭಯವೋ, ಹಳೆಯ ಕಹಿ ಅನುಭವವೋ, ಬರಿಯ ಇಷ್ಟವಿಲ್ಲದಿರುವುದೋ ಕಾರಣವಿರಬಹುದು. ಮೂರನೆಯದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಒತ್ತಾಯದಿಂದ ಬಳಸಿದರೆ ಅದು ದೌರ್ಜನ್ಯ, 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ ಹೆಣ್ಣಿನ ಘನತೆಗೆ ಕುಂದು ತರುವ ಲೈಂಗಿಕ ವರ್ತನೆಯನ್ನು ಹಿಂಸೆ ಎಂದೇ ಪರಿಗಣಿಸುತ್ತದೆ. ಇಬ್ಬರೇ ಕೂತು ಈ ಮಾತನ್ನಾಡುವುದು ಕಷ್ಟವೆನಿಸಿದರೆ, ಇಬ್ಬರೂ ಬಯಸಿದಲ್ಲಿ, ಲೈಂಗಿಕ ಆರೋಗ್ಯದಲ್ಲಿ ತರಬೇತಿಯಿರುವ ಆಪ್ತಸಮಾಲೋಚಕರ ಬಳಿ ಒಟ್ಟಿಗೆ ಹೋಗಿ.

ಪ್ರಶ್ನೆ: ಕಂಪನಿಯೊಂದು ನಮಗೆ ಸಾಧನಗಳನ್ನು ಉಚಿತವಾಗಿ ಕಳಿಸಿ, ದಂಪತಿಯಾಗಿ ಬಳಸಿ ವಿಮರ್ಶೆ ಬರೆಯಲು ಕೇಳಿದೆ. ಫೋಟೋ, ಕಿರು ವಿಡಿಯೋ ಇದ್ದರೆ ಇನ್ನಷ್ಟು ಕೊಡುತ್ತಾರಂತೆ. ಹೆಸರು ಹೊರಬೀಳದಿದ್ದರೆ ಬರೆಯಲು ನಮಗೆ ಆಸಕ್ತಿಯಿದೆ. ತಪ್ಪೇನಾದರೂ ಇದೆಯೇ?
— ದಂಪತಿ, ಬೆಂಗಳೂರು

ಉತ್ತರ: ಬರೆಯುವುದರಲ್ಲಿ ತಪ್ಪಿಲ್ಲ, ನಾಚಿಕೆ ಬಿಟ್ಟು ಪ್ರಾಮಾಣಿಕವಾಗಿ ಬರೆಯುವವರು ಬೇಕು ಎಂದು ಮೇಲಿನ ಪತ್ರಗಳೇ ಹೇಳುತ್ತಿವೆ. ಆದರೆ ನಿಮ್ಮ ದೇಹ ಕಾಣುವ ಚಿತ್ರ ಅಥವಾ ವಿಡಿಯೋ ಖಂಡಿತ ಬೇಡ. ಲೈಂಗಿಕ ಕ್ರಿಯೆಯ ದೃಶ್ಯವನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು ಅಥವಾ ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನ ಪ್ರಕಾರ ಅಪರಾಧ. ಮೊದಲ ಸಲ ಸಾಬೀತಾದರೆ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಚಿತ್ರದಲ್ಲಿರುವವರು ನೀವೇ ಎಂಬುದು ರಕ್ಷಣೆಯಾಗುವುದಿಲ್ಲ. ಒಮ್ಮೆ ಕಳಿಸಿದ ಚಿತ್ರ ಯಾರ ಕೈ ಸೇರುತ್ತದೆಂಬುದೂ ನಿಮ್ಮ ಹಿಡಿತದಲ್ಲಿರುವುದಿಲ್ಲ.

ಉಚಿತವಾಗಿ ಬಂದದ್ದೆಂಬುದನ್ನು ವಿಮರ್ಶೆಯ ಮೊದಲ ಸಾಲಿನಲ್ಲೇ ತಿಳಿಸಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು ಮಾರುವವರಿಗೂ ಹೊಗಳುವವರಿಗೂ ಇರುವ ಸಂಬಂಧವನ್ನು ಬಹಿರಂಗಪಡಿಸಬೇಕೆನ್ನುತ್ತವೆ. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡವನ್ನು ಹೊರತಂದಿತು. ‘ಒಳ್ಳೆಯದನ್ನು ಮಾತ್ರ ಬರೆಯಿರಿ’ ಎಂಬ ಷರತ್ತು ಇದ್ದರೆ ಆ ವಸ್ತುವನ್ನು ಹಿಂತಿರುಗಿಸಿಬಿಡಿ.

ಇನ್ನು ಬರೆಯುವ ಬಗೆ. ಇಬ್ಬರೂ ಸೇರಿ ಒಂದೇ ವಿಮರ್ಶೆ ಬರೆಯಬೇಡಿ. ಬಳಸಿದ ಮರುದಿನ, ಒಬ್ಬರದನ್ನು ಇನ್ನೊಬ್ಬರು ನೋಡದೆ, ಬೇರೆಬೇರೆಯಾಗಿ ಟಿಪ್ಪಣಿ ಮಾಡಿ, ಆಮೇಲೆ ಕೂತು ಹೋಲಿಸಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದನ್ನು ಮುಚ್ಚದೆ ಹಾಗೆಯೇ ಬರೆಯಿರಿ. ಓದುವವರಿಗೆ ಅತ್ಯಂತ ಉಪಯುಕ್ತವಾದ ಭಾಗ ಅದೇ. ಎಷ್ಟೋ ಮನೆಗಳಲ್ಲಿ ‘ಅವಳಿಗೆ ಹಿಡಿಸಿತು’ ಎಂದು ಗಂಡ ನಂಬಿರುತ್ತಾನೆ, ಅವಳು ಅವನ ಉತ್ಸಾಹ ಕೆಡಿಸಬಾರದೆಂದು ಸುಮ್ಮನಿರುತ್ತಾಳೆ. ಮೊದಲ ಬಾರಿಯ ಹೊಸತನ ಕಳೆದ ಮೇಲೂ ಅದನ್ನು ಕೈಗೆತ್ತಿಕೊಳ್ಳುವ ಮನಸ್ಸಾಯಿತೇ ಎಂಬುದನ್ನು ಸೇರಿಸಿ. ಉರಿ, ತುರಿಕೆ, ಮರಗಟ್ಟುವಿಕೆ ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಬೇಸರವೆನಿಸಿದ ರಾತ್ರಿ, ವಿಮರ್ಶೆಯ ಗಡುವಿಗಾಗಿ ಯಾರೂ ಹಾಸಿಗೆಗೆ ಹೋಗಬಾರದು; ನಿಮ್ಮಿಬ್ಬರ ಖಾಸಗಿ ಹೊತ್ತು ಕಂಪನಿಯ ಕೆಲಸವಾಗಿ ಬದಲಾಗುತ್ತಿದೆ ಎನಿಸಿದ ದಿನವೇ ಒಪ್ಪಂದ ಮುಗಿಸಿ.

ಪ್ರಶ್ನೆ: ಸಂಭೋಗದ ಕಾಲ ಹೆಚ್ಚಿಸುವ ಸ್ಪ್ರೇ ಮತ್ತು ಗಿಡಮೂಲಿಕೆಯ ಮಾತ್ರೆಗಳಿಗೂ ಒಳ್ಳೆಯ ವಿಮರ್ಶೆಗಳಿವೆ. ಬಳಸಬಹುದೇ?
— ಓದುಗ, ವಿಜಯಪುರ

ಉತ್ತರ: ಸ್ಪ್ರೇಗಳಲ್ಲಿ ಇರುವುದು ಸಾಮಾನ್ಯವಾಗಿ ಲಿಡೋಕೇನ್‌ನಂಥ ಮರಗಟ್ಟಿಸುವ ಔಷಧ, ಒರೆಸಿಕೊಳ್ಳದಿದ್ದರೆ ಸಂಗಾತಿಗೂ ಮರಗಟ್ಟುತ್ತದೆ. ವೈದ್ಯರ ಸಲಹೆಯ ಮೇಲೆ ಬಳಸಿ. ಮಾತ್ರೆಗಳಿಂದ ದೂರವಿರಿ. ‘ಗಿಡಮೂಲಿಕೆ’ ಎಂದು ಮಾರುವ ಮಾತ್ರೆಗಳಲ್ಲಿ ಹೇಳದೆ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧ) ಬೆರೆಸಿರುವುದು ಮತ್ತೆಮತ್ತೆ ಪತ್ತೆಯಾಗಿದೆ. ಹೃದಯಕ್ಕೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಲ್ಲಿ ಅದು ರಕ್ತದೊತ್ತಡವನ್ನು ಪ್ರಾಣಾಪಾಯವಾಗುವಷ್ಟು ಇಳಿಸಬಲ್ಲದು. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತದೆಂದು ಔಷಧಕ್ಕೆ ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆಯೊಂದು ನಿಷೇಧಿಸಿದೆ.

ಪ್ರಶ್ನೆ: ಪತಿ ಕೊಲ್ಲಿ ರಾಷ್ಟ್ರವೊಂದರಲ್ಲಿ ಕೆಲಸದಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಮೊಬೈಲ್ ಆಪ್ ಮೂಲಕ ದೂರದಿಂದಲೇ ನಿಯಂತ್ರಿಸುವ ಸಾಧನಗಳನ್ನು ದಂಪತಿಗಳು ಮೆಚ್ಚಿ ಬರೆದಿದ್ದಾರೆ. ತರಿಸಿದರೆ ಕಾನೂನಿನ ತೊಂದರೆ ಇದೆಯೇ? ಆಪ್ ಸುರಕ್ಷಿತವೇ?
— ಓದುಗ ಮಹಿಳೆ, ಮಂಗಳೂರು

ಉತ್ತರ: ವಯಸ್ಕರು ತಮ್ಮ ಮನೆಯಲ್ಲಿ ಇಂಥ ಸಾಧನ ಬಳಸುವುದನ್ನು ಅಪರಾಧವೆನ್ನುವ ಕಲಮು ನಮ್ಮ ದೇಶದಲ್ಲಿಲ್ಲ. ಅಶ್ಲೀಲ ವಸ್ತುಗಳ ಮಾರಾಟ ಮತ್ತು ಪ್ರದರ್ಶನವನ್ನು ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮು ಶಿಕ್ಷಿಸುತ್ತದೆ. ಆ ಕಾರಣಕ್ಕೇ ಮಾರುವವರು ‘ಮಸಾಜರ್’ ಎಂಬ ಹೆಸರನ್ನು ಆಶ್ರಯಿಸುತ್ತಾರೆ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಅಧಿಕಾರಿಗಳು ಅಶ್ಲೀಲ ವಸ್ತುಗಳ ಆಮದನ್ನು ತಡೆಯುವ 1964ರ ಅಧಿಸೂಚನೆಯ ಆಧಾರದಲ್ಲಿ ತಡೆಯುವ ಸಾಧ್ಯತೆಯಿದೆ. ಬಾಡಿ ಮಸಾಜರ್‌ಗಳನ್ನು ಹೀಗೆ ತಡೆದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲಿ ಕಸ್ಟಮ್ಸ್ ಇಲಾಖೆಯ ವಾದವನ್ನು ತಳ್ಳಿಹಾಕಿತು. ಆದರೂ ದೇಶದೊಳಗಿನ ಮಾರಾಟಗಾರರಿಂದ, ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ವಿಳಾಸ, ಗರಿಷ್ಠ ಬೆಲೆ, ದೂರು ಸಂಖ್ಯೆ ಇರುವುದನ್ನೇ ಕೊಳ್ಳುವುದು ಮೇಲು. ಮೋಸವಾದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಪತಿ ಮಾತ್ರ ತಮ್ಮ ಸಾಮಾನಿನಲ್ಲಿ ಇದನ್ನು ಒಯ್ಯಬಾರದು. ಕೊಲ್ಲಿಯ ಕಾನೂನುಗಳು ಈ ವಿಷಯದಲ್ಲಿ ಬಹಳ ಕಠಿಣ, ಅಂತರ್ಜಾಲದ ಬಳಕೆಗೂ ಅಲ್ಲಿ ಕಟ್ಟುನಿಟ್ಟುಗಳಿವೆ. ಕೆಲಸವನ್ನೇ ಪಣಕ್ಕಿಡುವಷ್ಟು ಬೆಲೆ ಇದಕ್ಕಿಲ್ಲ. ಈ ಕಾರಣಕ್ಕಾಗಿ, ಅವರು ಅಲ್ಲಿರುವಾಗ ಆಪ್ ಬಳಸುವುದಕ್ಕೆ ನನ್ನ ಸಲಹೆ ಬೇಡವೆಂದೇ.

ಅವರು ರಜೆಗೆ ಬಂದಾಗ ಬಳಸುವುದಾದರೂ ಆಪ್ ಬಗ್ಗೆ ಎಚ್ಚರವಿರಲಿ. ವೀ-ವೈಬ್ ಎಂಬ ಸಾಧನದ ಆಪ್ ಬಳಕೆದಾರರಿಗೆ ತಿಳಿಸದೆ ಅವರ ಬಳಕೆಯ ವಿವರಗಳನ್ನು ಸಂಗ್ರಹಿಸುತ್ತಿತ್ತು ಎಂಬ ಮೊಕದ್ದಮೆ ಅಮೆರಿಕದಲ್ಲಿ ನಡೆದು, ಅದನ್ನು ತಯಾರಿಸಿದ ಕೆನಡಾದ ಕಂಪನಿ 2017ರಲ್ಲಿ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ಆಪ್‌ಗೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಿ, ನಿಜವಾದ ಹೆಸರು ಮತ್ತು ಫೋನ್ ಸಂಖ್ಯೆ ಕೊಡಬೇಡಿ, ಸ್ಥಳ, ಸಂಪರ್ಕಪಟ್ಟಿ ಮತ್ತು ಕ್ಯಾಮೆರಾದ ಅನುಮತಿಗಳನ್ನು ನಿರಾಕರಿಸಿ. ಅನುಮತಿ ಕೊಡದಿದ್ದರೆ ಕೆಲಸವೇ ಮಾಡುವುದಿಲ್ಲವೆನ್ನುವ ಆಪ್ ಆದರೆ, ಬರಿಯ ಗುಂಡಿಯಿಂದ ನಡೆಯುವ ಸಾಧನವನ್ನೇ ಆರಿಸಿಕೊಳ್ಳಿ.