ಉರು ಹೊಡೆದ ಪ್ರಬಂಧವೂ ತಾಳಮದ್ದಳೆಯ ಅರ್ಥವೂ

ಓದುಗರ ಪತ್ರ: ನನ್ನ ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟುವಿನಲ್ಲಿ (ಹನ್ನೆರಡನೆಯ ತರಗತಿ) ಇದ್ದಾಳೆ. ಇಂಗ್ಲಿಷಿಗೆಂದು ಟ್ಯೂಷನ್ನಿನಲ್ಲಿ ಹನ್ನೆರಡು ಪ್ರಬಂಧ ಕೊಟ್ಟಿದ್ದಾರೆ. ಎಲ್ಲವನ್ನೂ ಬಾಯಿಪಾಠ ಮಾಡಿದ್ದಾಳೆ. ಕಳೆದ ಪರೀಕ್ಷೆಯಲ್ಲಿ ಪಾಠ ಅದೇ ಇತ್ತು, ಪ್ರಶ್ನೆ ಮಾತ್ರ ಬೇರೆ ಬಂತು. ಇವಳು ಕಲಿತದ್ದನ್ನೇ ಬರೆದಳು. 8ರಲ್ಲಿ 3 ಸಿಕ್ಕಿತು. ಬೈಹಾರ್ಟ್ ಮಾಡಬೇಡ ಎಂದು ಶಾಲೆಯ ಟೀಚರು ಹೇಳುತ್ತಾರೆ. ಬಾಯಿಪಾಠ ಮಾಡದೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರೆಯಲಿಕ್ಕೆ ಆಗುತ್ತದೆಯೇ? ಇನ್ನೂ ಹತ್ತು ಪ್ರಬಂಧ ಬರೆಸಿ ಕೊಡಿಸಲೇ? (ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಬ್ಬ ತಾಯಿ)

ಸಂಪಾದಕರ ಉತ್ತರ:

ಕೊಡಿಸಬೇಡಿ ಅಮ್ಮಾ. ಹತ್ತು ಹಾಗಿರಲಿ, ಇನ್ನೊಂದನ್ನೂ ಕೊಡಿಸಬೇಡಿ. ಮಗಳಿಗೆ ಸಿಕ್ಕಿದ 3 ಅವಳ ಇಂಗ್ಲಿಷಿಗೆ ಸಿಕ್ಕಿದ ಸ್ಕೋರಲ್ಲ, ಪ್ರಶ್ನೆಗೆ ಉತ್ತರ ಕೊಡದ್ದಕ್ಕೆ ಸಿಕ್ಕಿದ್ದು. ಹನ್ನೆರಡು ಪ್ರಬಂಧವನ್ನು ತಲೆಯಲ್ಲಿ ಹೊತ್ತುಕೊಂಡು ಹೋದವಳಿಗೆ ಹದಿಮೂರನೆಯ ಪ್ರಶ್ನೆ ಬಂತು, ಇಪ್ಪತ್ತೆರಡು ಹೊತ್ತರೂ ಇದೇ ಗತಿ. ಪ್ರಶ್ನೆ ಹಾಕುವವರಿಗೆ ಇಪ್ಪತ್ತಮೂರನೆಯದು ಹೊಳೆಯಲು ಎಷ್ಟು ಹೊತ್ತು ಬೇಕು?

ಬಾಯಿಪಾಠ ಪೂರ್ತಿ ಬೇಡ ಎಂದು ಹೇಳಲಾರೆ. ಪತ್ರದಲ್ಲಿ ವಿಳಾಸ ಎಲ್ಲಿ, ದಿನಾಂಕ ಎಲ್ಲಿ, ವಿಷಯದ ಸಾಲು ಎಲ್ಲಿ ಎಂಬುದು, ಭಾಷಣದ ಸಂಬೋಧನೆ, ಲೇಖಕರ ಹೆಸರಿನ ಸ್ಪೆಲ್ಲಿಂಗ್, ಪಾಠದಿಂದ ನಾಲ್ಕೈದು ಪದದ ಒಂದೊಂದು ಉದ್ಧರಣೆ, ಇಷ್ಟು ನಾಲಗೆಯ ತುದಿಯಲ್ಲಿ ಇರಲೇಬೇಕು. ಅದರಾಚೆಗೆ ಉರು ಹೊಡೆದದ್ದು ಕೈ ಕೊಡುತ್ತದೆ. ಒಂದು ವಾಕ್ಯ ಮರೆತರೆ ಮುಂದಿನದು ನೆನಪಾಗುವುದಿಲ್ಲ. ದಾರ ಕಡಿದ ಮಲ್ಲಿಗೆಮಾಲೆಯ ಹಾಗೆ ಎಲ್ಲವೂ ಚೆಲ್ಲಿಹೋಗುತ್ತದೆ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಈ ಲೆಕ್ಕವನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ನಮ್ಮ ಪ್ಲಸ್ ಟು ಇಂಗ್ಲಿಷ್ ಲಿಖಿತ ಪರೀಕ್ಷೆ 80 ಸ್ಕೋರಿನದು, ಸಮಯ ಎರಡೂವರೆ ಗಂಟೆ. ಒಂದು ಸ್ಕೋರಿಗೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. 8 ಸ್ಕೋರಿನ ಪ್ರಶ್ನೆಗೆ 15 ನಿಮಿಷ. ಅದರಲ್ಲಿ ಯೋಚನೆಗೆ 2, ಕೊನೆಗೆ ಓದಿ ತಿದ್ದಲು 2 ತೆಗೆದರೆ ಬರೆಯಲು ಉಳಿಯುವುದು 11 ನಿಮಿಷ. ನಿಮಿಷಕ್ಕೆ 15 ಪದ ಬರೆಯುವ ಹುಡುಗಿ ಹೆಚ್ಚೆಂದರೆ 165 ಪದ ಬರೆದಾಳು. ಟ್ಯೂಷನ್ನಿನ ಒಂದು ಪ್ರಬಂಧವನ್ನು ತೆಗೆದು ಪದ ಎಣಿಸಿ ನೋಡಿ. 400 ಇದ್ದರೆ ಅದು ಆ ಜಾಗಕ್ಕೆ ಹಿಡಿಸುವುದೇ ಇಲ್ಲ. ಅರ್ಧದಲ್ಲಿ ನಿಲ್ಲಿಸಬೇಕು, ಇಲ್ಲವೇ ಮುಂದಿನ ಪ್ರಶ್ನೆಯ ಸಮಯ ನುಂಗಬೇಕು.

ಇನ್ನು ಪರೀಕ್ಷೆಗೆ ಮೊದಲಿನ 15 ನಿಮಿಷದ ಕೂಲ್ ಆಫ್ ಟೈಮ್. ಬರೆಯಲು ಬಿಡದ ಆ ಹೊತ್ತು ಉಪಯೋಗಕ್ಕಿಲ್ಲ ಎಂದುಕೊಂಡು ಮಕ್ಕಳು ಫ್ಯಾನು ನೋಡುತ್ತ ಕೂರುತ್ತಾರೆ. ಇಡೀ ಪರೀಕ್ಷೆಯಲ್ಲಿ ಅದಕ್ಕಿಂತ ಬೆಲೆಯ ಸಮಯ ಇನ್ನೊಂದಿಲ್ಲ. ದೊಡ್ಡ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುವುದು ಎಂದು ಆಗಲೇ ತೀರ್ಮಾನವಾಗಬೇಕು. ಪ್ರಶ್ನೆಯೊಳಗೆ ಮೂರು ಸಂಗತಿ ಹುಡುಕಬೇಕು: ಏನು ಮಾಡು ಎನ್ನುತ್ತದೆ (ಚರ್ಚಿಸು, ಸಮರ್ಥಿಸು, ವಿವರಿಸು), ಯಾವುದರ ಬಗ್ಗೆ, ಎಷ್ಟರ ಮಟ್ಟಿಗೆ. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ‘ಇಂದಿನ ನಗರಜೀವನದಲ್ಲಿ’ ಎಂದು ಪ್ರಶ್ನೆಯಲ್ಲಿ ಇದ್ದರೆ ಹಳ್ಳಿಯ ವರ್ಣನೆ ಎಷ್ಟು ಚಂದ ಇದ್ದರೂ ಸ್ಕೋರು ಬರುವುದಿಲ್ಲ.

ಹಾಗಾದರೆ ತಯಾರಿ ಹೇಗೆ? ಒಂದು ಪಾಠವನ್ನೇ ಹಿಡಿದು ತೋರಿಸುತ್ತೇನೆ. ಕೇರಳದ ಪ್ಲಸ್ ಟು ಮಕ್ಕಳು ವರ್ಷಗಟ್ಟಲೆ ಓದಿದ ಪಾಠಗಳಲ್ಲಿ ಸುಧಾ ಮೂರ್ತಿಯವರ ‘ಹೊರೆಗಲ್ಲು’ ಒಂದು. ಇಂಗ್ಲಿಷ್ ಪಾಠಕ್ಕೆ ಕನ್ನಡದ ಹೆಸರು! ಹೊರೆ, ಕಲ್ಲು, ನಡುವೆ ಆದೇಶಸಂಧಿ. ಮಲಯಾಳಿ ಮಕ್ಕಳು ‘ಚುಮಡುತಾಂಗಿ’ ಎಂದು ಅರ್ಥಮಾಡಿಕೊಂಡು ಈ ಹೆಸರನ್ನು ಬಾಯಿಪಾಠ ಮಾಡಬೇಕು, ನಿಮ್ಮ ಮಗಳಿಗೆ ಅದು ಹುಟ್ಟಿನಿಂದ ಬಂದ ಮಾತು. ನಿಂತ ಎರಡು ಕಲ್ಲಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ. ತಲೆಹೊರೆ ಹೊತ್ತು ನಡೆದವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿ, ಮತ್ತೆ ತಲೆಗೇರಿಸಿಕೊಂಡು ಹೋಗಲು ಮಾಡಿದ್ದು.

ಈ ಪಾಠಕ್ಕೆ ಪ್ರಬಂಧ ಬರೆದಿಡಬೇಡಿ. ಪೋಸ್ಟ್‌ಕಾರ್ಡಿನ ಅರ್ಧದಷ್ಟಿರುವ ನಾಲ್ಕು ಚೀಟಿ ಮಾಡಿಸಿ. ಒಂದರಲ್ಲಿ ಆಲದ ಮರದಡಿಯ ಕಲ್ಲು. ಇನ್ನೊಂದರಲ್ಲಿ ನಿವೃತ್ತ ಮೇಷ್ಟ್ರಾದ ಲೇಖಕಿಯ ಅಜ್ಜ, ಆ ಕಲ್ಲಿನ ಬಳಿ ಬಂದವರ ಕಷ್ಟಕ್ಕೆ ಕಿವಿಗೊಡುವುದು. ಮೂರನೆಯದರಲ್ಲಿ ಅಜ್ಜ ಮೊಮ್ಮಗಳಿಗೆ ಕೊಟ್ಟ ವಿವರಣೆ: ಕಲ್ಲು ಹೊರೆಯನ್ನು ಹಗುರ ಮಾಡುವುದಿಲ್ಲ, ಹೊರುವವನಿಗೆ ಮತ್ತೆ ಶಕ್ತಿ ಕೊಡುತ್ತದೆ. ನಾಲ್ಕನೆಯದರಲ್ಲಿ ಕಚೇರಿಯ ರತ್ನಾ, ಸಹೋದ್ಯೋಗಿಗಳ ದುಃಖವನ್ನು ತೀರ್ಪು ಕೊಡದೆ ಕೇಳಿದವರು. ಪ್ರತಿ ಚೀಟಿಯ ಒಂದು ಬದಿಯಲ್ಲಿ ಘಟನೆ ಎರಡು ಸಾಲು ಮತ್ತು ಪಾಠದ್ದೇ ನಾಲ್ಕೈದು ಪದ. ಹಿಂಬದಿಯಲ್ಲಿ ‘ಇದರಿಂದ ಏನು ತಿಳಿಯುತ್ತದೆ’ ಎಂದು ಒಂದೇ ಸಾಲು, ಪೆನ್ಸಿಲಿನಲ್ಲಿ. ಈ ಸಾಲು ಪ್ರಶ್ನೆಗೆ ತಕ್ಕಂತೆ ಬದಲಾಗಬೇಕಾದ್ದು, ಹಾಗಾಗಿ ಪೆನ್ಸಿಲು.

ಈಗ ಮೂರು ಪ್ರಶ್ನೆ ಎಸೆದು ನೋಡೋಣ. ಕಿವಿಗೊಡುವುದರ ಮಹತ್ವವೇನು? ಆಗ ಅಜ್ಜನ ಚೀಟಿ ಮುಂದೆ ಬರುತ್ತದೆ, ಕಲ್ಲು ಅದಕ್ಕೆ ಉಪಮೆಯಾಗಿ ಹಿಂದೆ ನಿಲ್ಲುತ್ತದೆ. ನಗರದ ಬದುಕಿನಲ್ಲಿ ಹೊರೆಗಲ್ಲಿಗೆ ಜಾಗವಿದೆಯೇ? ರತ್ನಾ ಮೊದಲು ಬರಬೇಕು. ಆಲದ ಮರದಡಿ ನಡೆದದ್ದೇ ಕಚೇರಿಯಲ್ಲೂ ನಡೆಯಿತು ಎಂದು ಹೇಳಬೇಕು, ಅಜ್ಜ ಹೋಲಿಕೆಗೆ ಮಾತ್ರ. ಅಜ್ಜ ಯಾರ ಸಮಸ್ಯೆಯನ್ನೂ ಬಿಡಿಸಲಿಲ್ಲವಲ್ಲ, ಕೇಳಿ ಏನು ಪ್ರಯೋಜನ? ಇದು ಕಠಿಣ ಪ್ರಶ್ನೆ. ಇಲ್ಲಿ ಮೂರನೆಯ ಚೀಟಿಯೇ ಉತ್ತರದ ಬೆನ್ನೆಲುಬು: ಹೊರೆ ಅಷ್ಟೇ ಇರುತ್ತದೆ, ಹೊರುವ ಶಕ್ತಿ ಹೆಚ್ಚುತ್ತದೆ. ನೋಡಿ, ಸಾಮಗ್ರಿ ಒಂದೇ ಇದ್ದರೂ ಕ್ರಮ ಬೇರೆಯಾಯಿತು, ಪ್ರತಿ ಪ್ಯಾರಾದ ಮೊದಲ ಮತ್ತು ಕೊನೆಯ ವಾಕ್ಯ ಬೇರೆಯಾಯಿತು. ನಡುವಿನ ಘಟನೆ ಹಾಗೆಯೇ ಉಳಿಯಿತು.

ಇಲ್ಲೇ ತಪ್ಪುವವರಿದ್ದಾರೆ. ಪ್ರಶ್ನೆಯ ಮುಖ್ಯ ಪದವನ್ನು ತೆಗೆದು ಹಳೆಯ ಪ್ರಬಂಧದ ಮೊದಲ ಸಾಲಿಗೂ ಕೊನೆಯ ಸಾಲಿಗೂ ಅಂಟಿಸಿ, ಹೊಂದಿಸಿದೆ ಎಂದುಕೊಳ್ಳುತ್ತಾರೆ. ಪದ ಸೇರಿದರೆ ಸಾಲದು, ಕಾರಣ ಬದಲಾಗಬೇಕು. ದಿನಕ್ಕೆ ಕಟ್ಟುಗಟ್ಟಲೆ ಉತ್ತರಪತ್ರಿಕೆ ನೋಡುವ ಮೌಲ್ಯಮಾಪಕರಿಗೆ ತೇಪೆ ದೂರದಿಂದಲೇ ಕಾಣುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಎರಡನೆಯ ಪತ್ರಿಕೆಗೆ ಎರಡು ಗಂಟೆ, ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಇಂಗ್ಲಿಷೇ ಮನೆಮಾತಾದ ಮಕ್ಕಳೂ ಅಲ್ಲಿ ಮೊದಲೇ ಬರೆದಿಟ್ಟದ್ದನ್ನು ಒಪ್ಪಿಸಿ ಸ್ಕೋರು ಕಳೆದುಕೊಳ್ಳುತ್ತಾರೆ. ಪ್ರಶ್ನೆಗೆ ಉತ್ತರಿಸಿ ಎಂದು ಅಲ್ಲಿನ ಮೌಲ್ಯಮಾಪಕರು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಹಾಗಾಗಿ ಇದು ಕನ್ನಡ ಮಾಧ್ಯಮದ ಕೊರತೆ ಎಂದು ಕುಗ್ಗಬೇಡಿ.

ಕುಗ್ಗುವುದೇನು, ನಮ್ಮ ನೆಲಕ್ಕೆ ಈ ವಿದ್ಯೆ ಹೊಸತೇ ಅಲ್ಲ. ಕುಂಬಳೆ ಸೀಮೆಯಲ್ಲಿ ಹುಟ್ಟಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳದವರು ಎಷ್ಟು ಮಂದಿ? ಪಾತ್ರವಾಗಿ ಕೂತು ಅರ್ಥ, ಅಂದರೆ ಮಾತು, ಹೇಳುವ ಅರ್ಥಧಾರಿಗೆ ಪ್ರಸಂಗದ ಪದ್ಯ ಮೊದಲೇ ಗೊತ್ತು. ಪೀಠಿಕೆ ಸಿದ್ಧವಿರುತ್ತದೆ, ಪುರಾಣದ ಆಧಾರಗಳು ಬತ್ತಳಿಕೆಯಲ್ಲಿರುತ್ತವೆ. ವಾಲಿಯಾಗಿ ಕೂತವರಿಗೆ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು, ರಾಮನಿಗೂ ತನಗೂ ಮೊದಲು ವೈರವೇ ಇಲ್ಲದ್ದು, ಈ ಸಾಮಗ್ರಿ ಎಂದಿಗೂ ಅದೇ. ಆದರೆ ಎದುರಿನ ರಾಮ ಇಂದು ಯಾವ ಎಳೆ ಹಿಡಿದು ಮಾತೆತ್ತುತ್ತಾನೋ ಆ ಎಳೆಗೇ ಉತ್ತರ ಹೊಸೆಯಬೇಕು. ನಿನ್ನೆಯ ಅರ್ಥವನ್ನೇ ಇಂದು ಒಪ್ಪಿಸಿದರೆ ಮುಂದಿನ ಸಾಲಿನ ಅಜ್ಜಂದಿರು ಎಲೆಪೆಟ್ಟಿಗೆ ತೆರೆಯುತ್ತಾರೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರಾದದ್ದು ಬಾಯಿಪಾಠದಿಂದಲ್ಲ, ಎದುರಿನವರ ಮಾತಿನಿಂದಲೇ ತಮ್ಮ ವಾದವನ್ನು ಎತ್ತಿಕೊಳ್ಳುವ ಶಕ್ತಿಯಿಂದ. ತಯಾರಿ ಇಲ್ಲದೆ ಆ ಶಕ್ತಿ ಬಂದದ್ದೂ ಅಲ್ಲ.

ನಿಮ್ಮ ಮಗಳೂ ದಿನಾ ಇದನ್ನು ಮಾಡುತ್ತಿರಬಹುದು. ಬಸ್ ತಪ್ಪಿದ ಕಥೆಯನ್ನು ಮನೆಯಲ್ಲಿ ತುಳುವಿನಲ್ಲಿ ಒಂದು ರೀತಿ, ಗೆಳತಿಗೆ ಕನ್ನಡದಲ್ಲಿ ಇನ್ನೊಂದು ರೀತಿ, ಕಂಡಕ್ಟರಿಗೆ ಮಲಯಾಳದಲ್ಲಿ ಮತ್ತೊಂದು ರೀತಿ ಹೇಳುವವರು ನಮ್ಮ ಮಕ್ಕಳು. ವಿಷಯ ಒಂದೇ, ಕೇಳುವವರು ಯಾರು ಎಂಬುದರ ಮೇಲೆ ಮೊದಲು ಹೇಳುವುದು ಯಾವುದು ಎಂದು ಬದಲಾಗುತ್ತದೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೇಳಿ ಹಾರ ಹಾಕಿಸಿಕೊಳ್ಳುವವರು ಈ ಶಕ್ತಿಯನ್ನು ತರಗತಿಯೊಳಗೆ ಬಳಸುವುದು ಹೇಗೆಂದು ಒಮ್ಮೆಯಾದರೂ ಯೋಚಿಸಬೇಕಿತ್ತು.

ಒಂದು ಎಚ್ಚರಿಕೆ ಇದೆ. ಯೋಜನೆಯನ್ನು ಕನ್ನಡದಲ್ಲಿ ಮಾಡಲಿ, ಆದರೆ ಬಿಡಿ ಪದಗಳಲ್ಲಿ ಮಾತ್ರ. ಕನ್ನಡದ ಪೂರ್ತಿ ವಾಕ್ಯ ಬರೆದುಕೊಂಡು ಇಂಗ್ಲಿಷಿಗೆ ತಿರುಗಿಸಿದರೆ ಕೊನೆಯಲ್ಲಿರುವ ಕ್ರಿಯಾಪದ ದಾರಿಯಲ್ಲೇ ಬಿದ್ದುಹೋಗುತ್ತದೆ. ಅಜ್ಜ ‘ಇದ್ದರು’ ಎಂಬ ನಮ್ಮ ಮರ್ಯಾದೆಯ ಬಹುವಚನ ‘ಗ್ರ್ಯಾಂಡ್‌ಫಾದರ್ ವರ್’ ಆಗುತ್ತದೆ. ಇನ್ನೂ ದೊಡ್ಡ ಗುಂಡಿ ‘ಕೇಳು’ ಎಂಬ ಪದದಲ್ಲಿದೆ. ನಮಗೆ ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ‘ಅಜ್ಜ ಜನರ ಕಷ್ಟ ಕೇಳಿದರು’ ಎಂಬುದನ್ನು ‘ಆಸ್ಕ್’ ಎಂದು ಬರೆದರೆ, ಪ್ರಶ್ನಿಸದೆ ಕಿವಿಗೊಟ್ಟ ಅಜ್ಜ ವಿಚಾರಣೆ ಮಾಡುವವರಾಗಿಬಿಡುತ್ತಾರೆ, ಪಾಠದ ಜೀವವೇ ಹೋಗುತ್ತದೆ. ಇಲ್ಲಿ ಬೇಕಾದ್ದು ‘ಲಿಸನ್’. ಕೊನೆಯ ಎರಡು ನಿಮಿಷದಲ್ಲಿ ನೋಡಬೇಕಾದ್ದು ಇಂಥವನ್ನೇ: ಏಕವಚನ, ಬಹುವಚನ, ಕಾಲ, ಮತ್ತು ‘ಎ’, ‘ದಿ’. ಕನ್ನಡದಲ್ಲಿ ಆರ್ಟಿಕಲ್ ಇಲ್ಲವಾದ್ದರಿಂದ ಅವು ಬಿಟ್ಟುಹೋಗುವುದು ಸಹಜ. 15 ಪದ ದಾಟಿದ ವಾಕ್ಯವನ್ನು ಎರಡು ಮಾಡಿದರೆ ಎಷ್ಟೋ ತಪ್ಪು ತಾನಾಗಿ ಹೋಗುತ್ತದೆ.

ರೂಪವೂ ಬದಲಾಗಬಹುದು. ಅದೇ ಹೊರೆಗಲ್ಲನ್ನು ಭಾಷಣವಾಗಿ ಬರೆಯಲು ಹೇಳಿದರೆ ಸಂಬೋಧನೆ, ಕೇಳುಗರಿಗೆ ಒಂದು ನೇರ ಪ್ರಶ್ನೆ, ಚಿಕ್ಕ ವಾಕ್ಯ. ಪತ್ರಿಕೆಗೆ ಪತ್ರವಾದರೆ ಮೊದಲ ಸಾಲಿಗೇ ವಿಷಯ, ಕೊನೆಗೆ ಒಂದು ಬೇಡಿಕೆ. ಚೀಟಿಗಳು ಮಾತ್ರ ಅವೇ ನಾಲ್ಕು.

ಮಕ್ಕಳು ಸೋಮಾರಿಗಳು, ಅದಕ್ಕೇ ಉರು ಹೊಡೆಯುತ್ತಾರೆ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹನ್ನೆರಡು ಪ್ರಬಂಧ ಬಾಯಿಪಾಠ ಮಾಡಿದವಳು ಸೋಮಾರಿಯೇ? ಅರ್ಥ ಹೇಳುವವರಿಲ್ಲದ ಕಡೆ ಬಾಯಿಪಾಠ ಬೆಳೆಯುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ಮಗು ಹನ್ನೊಂದಕ್ಕೆ ಕಾಲಿಟ್ಟ ದಿನ ಪುಸ್ತಕ ಇಂಗ್ಲಿಷು, ವಿವರಣೆ ಬಹುಪಾಲು ಮಲಯಾಳ. ಗೈಡುಗಳ ಟಿಪ್ಪಣಿಯೂ ಮಲಯಾಳದಲ್ಲಿ, ಮೊಬೈಲಿನ ಪಾಠವೂ ಮಲಯಾಳದಲ್ಲಿ. ಸಂಶಯ ಬಂದರೆ ತನ್ನ ಮಾತಿನಲ್ಲಿ ಕೇಳಲು ಜನವಿಲ್ಲ. ಆಗ ಕೈಗೆ ಸಿಗುವುದು ಯಾರೋ ಬರೆದ ಸಿದ್ಧ ಪ್ರಬಂಧ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ಗಡಿಯ ಬಗ್ಗೆ ನಾವು ಬೇಕಾದಷ್ಟು ಭಾಷಣ ಮಾಡಿದ್ದೇವೆ. ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಕನ್ನಡ ಶಾಲೆಗಳ ಮಕ್ಕಳೂ ಪೋಷಕರೂ ಬೀದಿಗಿಳಿದದ್ದೂ ಉಂಟು. ಆದರೆ ಪ್ಲಸ್ ಟು ಇಂಗ್ಲಿಷ್ ಪಾಠಗಳಿಗೆ ಕನ್ನಡದಲ್ಲಿ ಒಂದು ಒಳ್ಳೆಯ ವಿವರಣೆಯ ಪುಸ್ತಕ ಮಾಡಿಕೊಡಲು ನಮ್ಮ ಕನ್ನಡ ಸಂಘಗಳಿಗೆ ಯಾರು ಅಡ್ಡ ಬಂದರು? ಏಳೆಂಟು ಮಂದಿ ನಿವೃತ್ತ ಇಂಗ್ಲಿಷ್ ಮೇಷ್ಟ್ರುಗಳು ಒಂದು ಬೇಸಿಗೆ ಕೂತರೆ ಆಗುವ ಕೆಲಸ.

ಅದು ಆಗುವವರೆಗೆ ನಿಮ್ಮ ಮನೆಯ ಚಾವಡಿಯೇ ಶಾಲೆ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ. ವಾರಕ್ಕೆ ಮೂರು ದಿನ ಹತ್ತು ಹತ್ತು ನಿಮಿಷ ಸಾಕು. ನೀವು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ, ಅವಳು ಚೀಟಿಗಳನ್ನು ಜೋಡಿಸಿ ಎರಡು ನಿಮಿಷ ಕನ್ನಡದಲ್ಲೇ ಉತ್ತರ ಹೇಳಲಿ. ಕನ್ನಡದಲ್ಲಿ ತಡವರಿಸಿದರೆ ಅವಳಿಗೆ ಪಾಠವೇ ಆಗಿಲ್ಲ ಎಂದು ತಿಳಿಯಿರಿ, ಇಂಗ್ಲಿಷನ್ನು ದೂರಬೇಡಿ. ಉಳಿದ ಎಂಟು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಆರಂಭದ ವಾಕ್ಯ ಮತ್ತು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಬರೆಯಲಿ, ಪೂರ್ತಿ ಬೇಡ. ಪೂರ್ತಿ ಉತ್ತರ ವಾರಕ್ಕೆ ಒಂದು, ಗಡಿಯಾರ ಎದುರಿಟ್ಟು 15 ನಿಮಿಷ. ಟೀಚರು ತಿದ್ದಿದ ತಪ್ಪುಗಳನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಲಿ. ಒಂದೇ ತಪ್ಪು ಮೂರು ಸಲ ಬಂದರೆ ಮುಂದಿನ ವಾರ ಅದೊಂದನ್ನೇ ಹುಡುಕಿ ತಿದ್ದಲಿ.

3 ಸಿಕ್ಕಿದ ಆ ಉತ್ತರಪತ್ರಿಕೆ ಮನೆಯಲ್ಲಿದ್ದರೆ ಎಸೆಯಬೇಡಿ. ಅದೇ ಪ್ರಶ್ನೆಗೆ ಅವಳು ಚೀಟಿ ಹಿಡಿದು ಮತ್ತೊಮ್ಮೆ ಬರೆಯಲಿ. ಹಳೆಯದನ್ನೂ ಹೊಸದನ್ನೂ ಒಂದೇ ಲಕೋಟೆಯಲ್ಲಿ ನಮ್ಮ ಕಚೇರಿಗೆ ಕಳುಹಿಸಿ, ತಿದ್ದಿ ವಾಪಸು ಕಳುಹಿಸುತ್ತೇವೆ.