ಸಾಹಿತ್ಯ, ಸಂಸ್ಕೃತಿ ಚರಿತ್ರೆ, ವ್ಯಾಪಾರ ನಾಯಕತ್ವ: ಮೂರನ್ನೂ ಸೇರಿಸಿ ಎಂ.ಎ. ಪ್ರಬಂಧ ಬರೆಯಬಹುದಾ?

ಖಂಡಿತ ಬರೆಯಬಹುದು. ಆದರೆ ವಿಷಯಕ್ಕೊಂದು ಅಧ್ಯಾಯ ಅಂತ ಹಂಚಬೇಡಿ, ಮೂರೂ ಬಿಡಿಬಿಡಿಯಾಗಿ ಉಳಿದುಬಿಡುತ್ತವೆ. ಮೂರೂ ಕೂಡಿರುವ ಒಂದು ಸಂಸ್ಥೆ ಹಿಡಿಯಿರಿ.

ನೀವು ಧಾರವಾಡದಲ್ಲೇ ಓದುತ್ತಿದ್ದೀರಿ ಅಲ್ವಾ? ಅಲ್ಲಿನ ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ನೋಡಿ. 1933ರಲ್ಲಿ ಅದನ್ನು ಶುರು ಮಾಡಿದ ಜಿ.ಬಿ. ಜೋಶಿ ಸ್ವತಃ ನಾಟಕಕಾರರು. ಹೊಸಬರ ಪುಸ್ತಕ ಅಚ್ಚು ಹಾಕೋದಕ್ಕೆ ದುಡ್ಡು ಎಲ್ಲಿಂದ ಬಂತು, ಯಾವ ಹಸ್ತಪ್ರತಿ ತಗೋಬೇಕು ಅಂತ ಯಾರು ತೀರ್ಮಾನಿಸುತ್ತಿದ್ದರು, ಚಂದಾ ಕಟ್ಟಿದ ಓದುಗರನ್ನು ವರ್ಷವರ್ಷ ಹೇಗೆ ಉಳಿಸಿಕೊಂಡರು ಅಂತ ಕೇಳಿಕೊಳ್ಳಿ. ಇವು ವ್ಯಾಪಾರದ ಪ್ರಶ್ನೆಗಳೇ, ಆದರೆ ಆಧುನಿಕ ಕನ್ನಡ ನಾಟಕ ಬೆಳೆದ ಕಥೆಯೂ ಇವುಗಳ ಒಳಗೇ ಇದೆ, ನನಗೆ ಇದೇ ತುಂಬಾ ಇಷ್ಟವಾಗುವ ಭಾಗ.

ಆಧಾರಕ್ಕೆ ಹಳೆಯ ಮುನ್ನುಡಿ, ಪುಸ್ತಕದ ಕೊನೆಯ ಪುಟದ ಜಾಹೀರಾತು, ಬೆಲೆಪಟ್ಟಿ ಬಿಡದೆ ಓದಿ. 1890ರಲ್ಲಿ ಧಾರವಾಡದಲ್ಲೇ ಕನ್ನಡದ ಏಳಿಗೆಗಾಗಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಜೊತೆ ಹೋಲಿಸಿದರೆ ಚರಿತ್ರೆಗೂ ಗಟ್ಟಿ ನೆಲ ಸಿಗುತ್ತದೆ. ಹಣಕಾಸು ಜಾಸ್ತಿ ಬೇಕಿದ್ದರೆ ಗದಗ ಹತ್ತಿರದ ಕಣಗಿನಹಾಳ ಹಳ್ಳಿಯ 1905ರ ಸಹಕಾರ ಸಂಘ ಇದೆ.

ಶೀರ್ಷಿಕೆ ನೋಂದಾಯಿಸುವ ಮೊದಲೇ ಕಾಮರ್ಸ್ ವಿಭಾಗದ ಒಬ್ಬ ಮೇಷ್ಟ್ರನ್ನು ಮಾತಾಡಿಸಿ.