ಅಪ್ಪಯ್ಯನ ಸಾಲ ಮತ್ತು ಮೊದಲ ಸುತ್ತಿನ ಸೋಲು

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರರ ಮಗಳು ನಾನು. ವಯಸ್ಸು 21. ಬೆಂಗಳೂರಿನಲ್ಲಿದ್ದುಕೊಂಡು ವೃತ್ತಿಪರ ಟೆನಿಸ್ ಆಡುತ್ತೇನೆ. ಒಟ್ಟು 15,000 ಡಾಲರ್ ಬಹುಮಾನದ ಕೆಳಹಂತದ ಪಂದ್ಯಾವಳಿಗಳಲ್ಲಿಯೂ ಮೊದಲ ಸುತ್ತಿನಲ್ಲೇ ಸೋಲುತ್ತಿದ್ದೇನೆ. ಹಿಂದಿನ ರಾತ್ರಿ ನಿದ್ದೆಯಿಲ್ಲ, ಸರ್ವ್ ಮಾಡುವಾಗ ಕೈ ನಡುಗುತ್ತದೆ. ನನಗಾಗಿ ಅಪ್ಪಯ್ಯ ತೋಟದ ಮೇಲೆ ಸಾಲ ಮಾಡಿದ್ದಾರೆ. ಪಂದ್ಯ ಮುಗಿದೊಡನೆ ಫೋನ್ ಮಾಡಿ ಸ್ಕೋರ್ ಕೇಳುತ್ತಾರೆ. ಆಟ ಬಿಡಬೇಕೆನಿಸುತ್ತದೆ, ಹೇಳಲು ಧೈರ್ಯವಿಲ್ಲ.

ಉತ್ತರ: ಆಟ ನಿಮಗೆ ಬೇಕೇ ಎಂಬುದು ಒಂದು ಪ್ರಶ್ನೆ, ಸಾಲ ತೀರುವುದು ಹೇಗೆ ಎಂಬುದು ಇನ್ನೊಂದು. ನೀವು ಪ್ರತಿ ಪಾಯಿಂಟನ್ನೂ ಸಾಲದ ಕಂತಿನಂತೆ ಆಡುತ್ತಿರುವುದರಿಂದ ಎರಡಕ್ಕೂ ಉತ್ತರ ಸಿಗುತ್ತಿಲ್ಲ. ಸಿಂಗಲ್ಸ್‌ನಲ್ಲಿ ವಾರದ ಕೊನೆಗೆ ಸೋಲದೆ ಉಳಿಯುವವರು ಒಬ್ಬರೇ. ವೃತ್ತಿಜೀವನದಲ್ಲಿ 1,526 ಸಿಂಗಲ್ಸ್ ಪಂದ್ಯಗಳನ್ನಾಡಿ, ಅವುಗಳಲ್ಲಿ ಸುಮಾರು ಶೇ. 80ರಷ್ಟನ್ನು ಗೆದ್ದ ರೋಜರ್ ಫೆಡರರ್, ತಾವು ಗೆದ್ದ ಪಾಯಿಂಟುಗಳು ಕೇವಲ ಶೇ. 54 ಎಂದು 2024ರಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದ್ದರು. ಕಳೆದ ಪಾಯಿಂಟನ್ನು ಮರೆತು ಮುಂದಿನದಕ್ಕೆ ಸಿದ್ಧವಾಗಲು ಸಿಗುವುದು 25 ಸೆಕೆಂಡು. ಆ ಅವಧಿಯಲ್ಲಿ ಮನಸ್ಸು ತೀರ್ಥಹಳ್ಳಿಯ ತೋಟಕ್ಕೆ ಹೋಗಿ ಬರುತ್ತಿದ್ದರೆ ಕೈ ನಡುಗದೆ ಇನ್ನೇನಾದೀತು?

ಆದರೂ ನಿದ್ದೆ ಕೆಟ್ಟಿರುವುದನ್ನು ಬರಿಯ ಅಂಜಿಕೆಯೆಂದು ತಳ್ಳಿಹಾಕಲಾರೆ. 2021ರಲ್ಲಿ ಫ್ರೆಂಚ್ ಓಪನ್‌ನಿಂದ ಹಿಂದೆ ಸರಿದ ನವೊಮಿ ಒಸಾಕಾ, 2018ರ ಯುಎಸ್ ಓಪನ್ ಗೆದ್ದಂದಿನಿಂದಲೂ ತಮ್ಮನ್ನು ಖಿನ್ನತೆ ಕಾಡಿದೆಯೆಂದು ಬಹಿರಂಗವಾಗಿ ತಿಳಿಸಿದರು. ಗೆದ್ದವರಿಗೂ ಇದು ತಪ್ಪಿದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ವೈದ್ಯರನ್ನು ಕಾಣಿ. ಬಿಡುವ ನಿರ್ಧಾರವನ್ನು ಆ ಭೇಟಿಯ ನಂತರ, ನಾಲ್ಕು ರಾತ್ರಿ ಚೆನ್ನಾಗಿ ನಿದ್ದೆ ಬಂದ ಮೇಲೆ ಮಾಡಿ.

ಬಿಡುವುದೆಂದರೆ ಶಾಶ್ವತವಾಗಿಯೇ ಬಿಡಬೇಕೆಂದಿಲ್ಲ. ಆಸ್ಟ್ರೇಲಿಯಾದ ಆ್ಯಶ್ ಬಾರ್ಟಿ 2014ರಲ್ಲಿ ಟೆನಿಸ್‌ನಿಂದ ದೂರವಾಗಿ, ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿ, 2016ರಲ್ಲಿ ಮರಳಿದರು. 2021ರಲ್ಲಿ ವಿಂಬಲ್ಡನ್ ಗೆದ್ದರು. ಮರುವರ್ಷ 25ನೇ ವಯಸ್ಸಿನಲ್ಲಿ, ವಿಶ್ವದ ಮೊದಲ ಶ್ರೇಯಾಂಕದಲ್ಲಿದ್ದಾಗಲೇ ನಿವೃತ್ತರಾದರು. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಡಬಲ್ಸ್ ಎಂಬುದನ್ನು ಮಾತ್ರ ಹೇಳಿರಲಾರರು. ಒತ್ತಡವನ್ನು ಹಂಚಿಕೊಳ್ಳಲು ಪಕ್ಕದಲ್ಲೊಬ್ಬರು ಇರುವ ಆಟ ನಿಮಗೆ ಒಗ್ಗುತ್ತದೆಯೋ ಎಂದು ನೋಡುವುದರಲ್ಲಿ ತಪ್ಪಿಲ್ಲ.

ಇನ್ನು ಅಪ್ಪಯ್ಯನ ಮಾತು. ಮಲೆನಾಡಿನ ತಂದೆಯರಲ್ಲಿ ಅನೇಕರಿಗೆ ಅಕ್ಕರೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಸ್ಕೋರ್ ಕೇಳುವುದೇ ಅವರಿಗೆ ಮಗಳನ್ನು ವಿಚಾರಿಸಿಕೊಳ್ಳುವ ದಾರಿಯಾಗಿರಬಹುದು. ಈ ವಿಷಯವನ್ನು ಫೋನಿನಲ್ಲಿ ಹೇಳದೆ ಮನೆಗೆ ಹೋಗಿ, ಅಮ್ಮ ಜೊತೆಗಿರುವಾಗ ಹೇಳಿ. ಮೊದಲು ನಿದ್ದೆಯಿಲ್ಲದ ರಾತ್ರಿಗಳ ಬಗ್ಗೆ ತಿಳಿಸಿ; ಬಳಿಕ, ಪಂದ್ಯದ ದಿನ ನೀವಾಗಿಯೇ ಕರೆ ಮಾಡುವವರೆಗೆ ಅವರು ಮಾಡಬಾರದೆಂದು ಕೇಳಿಕೊಳ್ಳಿ. ಸಾಲದ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಅಸಲೆಷ್ಟು, ಬಡ್ಡಿಯೆಷ್ಟು, ಒಂದು ವರ್ಷದ ಅಡಿಕೆಯಿಂದ ಎಷ್ಟು ತೀರೀತು ಎಂದು ಮೂವರೂ ಲೆಕ್ಕ ಹಾಕಿ. ಚಿಕ್ಕ ಮಕ್ಕಳಿಗೆ ಟೆನಿಸ್ ಕಲಿಸುವ ಕೆಲಸ ಸಿಕ್ಕರೆ ನಿಮ್ಮ ಪಾಲನ್ನೂ ಆ ಲೆಕ್ಕದಲ್ಲಿ ಸೇರಿಸಬಹುದು. ಅಲ್ಲಿಯವರೆಗೆ ಹೊಸ ಪಂದ್ಯಾವಳಿಗೆ ಹೆಸರು ನೋಂದಾಯಿಸಬೇಡಿ. ಈಗಾಗಲೇ ಕೊಟ್ಟಿದ್ದರೆ, ಗಡುವಿನೊಳಗೆ ಹಿಂತೆಗೆದುಕೊಳ್ಳಿ.